ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಚಿತ್ರಕಲೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಶಾಲೆಗಳಲ್ಲಿ ಮಕ್ಕಳ ಚಿತ್ರಪ್ರದರ್ಶನವನ್ನು ನೋಡಿಬಂದ ವಾಚಕರಿಗೆ ಒಂದು ಚಿತ್ರದ ನೆನಪು ಇದ್ದೇ ಇರುವದು. ತ್ರಿಕೋನಾಕಾರದ ಎರಡು ಗುಡ್ಡಗಳು. ಅವುಗಳ ನಡುವೆ ಅರ್ಧ ಸೂರ್ಯ. ಕೆಳಗೆ ಹರಿದುಬರುವ ಹೊಳೆ. ದಂಡೆಯ ಮೇಲೆ ಗುಡಿಸಲು, ಒಂದು ತೆಂಗಿನ ಮರ. ಸವಣೂರಿನ ಎರೆಯ ಹೊಲದಲ್ಲಿ ಓಡಾಡಿ ಬೆಳೆದ ಹುಡುಗನು ಇಂಥ ಗುಡ್ಡವನ್ನು ಎಲ್ಲಿ ಕಂಡನು? ಎಲ್ಲಿಯೂ ಕಾಣಲಿಲ್ಲ. ಹಿಂದಿನ ವರ್ಷದ ಹುಡುಗನು ಬರೆದದ್ದನ್ನು ನೋಡಿ ಇವನು ಬರೆದನು. ಇವನದನ್ನು ನೋಡಿ ಮುಂದಿನವನು ಬರೆಯುವನು. ಕಣ್ಣಿಗೆ ಇದರಲ್ಲಿ ಕೆಲಸವೇ ಇಲ್ಲ.

ಇದಕ್ಕಿಂತಲೂ ಶೋಚನೀಯವಾದದ್ದು ‘ಪ್ರೊಜೆಕ್ಟ್’ ಎಂಬ ಇತ್ತೀಚಿನ ಸಂಪ್ರದಾಯ. ಶಾಲೆಯಿಂದ ಅಪ್ಪಣೆಯಾದೊಡನೆ ತಂದೆಯು ರಾತ್ರಿ ಎಂಟು ಗಂಟೆಗೆ ಪೇಟೆಗೆ ಓಡಿ ಥರ್ಮೋಕೋಲು, ಮಿಂಚುಕಾಗದ, ಅಂಟು ಇವುಗಳನ್ನು ಕೊಂಡು ತರುತ್ತಾನೆ. ತಾಯಿಯು ಕತ್ತರಿಸಿ ಅಂಟಿಸುತ್ತಾಳೆ. ಮರುದಿನ ಅದನ್ನು ಮುರಿಯದಂತೆ ಹೊತ್ತೊಯ್ಯುವದಷ್ಟೇ ವಿದ್ಯಾರ್ಥಿಯ ಪಾಲಿನ ಕಲೆ. ಕೂಲಿಯವನ ಮಗಳು ಬರಿಗೈಯಿಂದ ಬಂದು ಹಿಂದಿನ ಸಾಲಿನಲ್ಲಿ ನಿಲ್ಲುತ್ತಾಳೆ. ಹೀಗೆ ಪ್ರದರ್ಶನವು ಮಕ್ಕಳದಾಗದೆ ಪಾಲಕರ ಕಿಸೆಯದಾಗುತ್ತದೆ. ಇದನ್ನು ಕಂಡು ಚಪ್ಪಾಳೆ ತಟ್ಟುವ ಸದ್ಗೃಹಸ್ಥರಲ್ಲಿ ಅಧಿಕಾರಿಗಳೂ ಇರುತ್ತಾರೆಂಬದು ನಮಗೆ ಸೋಜಿಗ.

ಆ ಬರಿಗೈಯ ಹುಡುಗಿಯಾದರೂ ನಿಜವಾಗಿ ಕೈಗೆಲಸವನ್ನು ಅರಿಯದವಳೇ? ಮಣ್ಣೆತ್ತಿನ ಅಮಾವಾಸ್ಯೆಗೆ ಅವಳ ಅಣ್ಣನು ಕೆರೆಯ ಮಣ್ಣು ತಂದು ಎತ್ತು ಮಾಡುವಾಗ ಕೋಡು ಯಾವ ಕಡೆಗೆ ಬಾಗಬೇಕೆಂದು ತಕರಾರು ತೆಗೆಯುವವಳು ಅವಳೇ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡಿ ಹೂವಿನಿಂದ ಸಿಂಗರಿಸುವವಳು ಅವಳೇ. ಶ್ರಾವಣದಲ್ಲಿ ಮಣ್ಣಿನ ನಾಗಪ್ಪ, ಭಾದ್ರಪದದಲ್ಲಿ ಓಣಿಗೆ ಬರುವ ಜೋಕುಮಾರಸ್ವಾಮಿ, ಮುಂದೆ ಹುಣ್ಣಿಮೆಗೆ ಅಚ್ಚಿನಲ್ಲಿ ಹೊಯ್ದ ಸಕ್ಕರೆಯ ಗೊಂಬೆ: ಹೀಗೆ ನಮ್ಮ ನಾಡಿನ ಪಂಚಾಂಗವೇ ಮಕ್ಕಳಿಗೆ ಮೂರ್ತಿಶಿಲ್ಪದ ಒಂದು ಪಠ್ಯಕ್ರಮವಾಗಿರುವದು. ಮನೆಯ ಮುದುಕಿಯು ಹಳೆಯ ಸೀರೆಯ ತುಂಡುಗಳಿಂದ ಕೌದಿ ಹೊಲಿಯುವಾಗ ಬಣ್ಣಕ್ಕೆ ಬಣ್ಣ ಹೊಂದಿಸುವದನ್ನು ಹುಡುಗಿಯು ಪಕ್ಕದಲ್ಲಿ ಕುಳಿತು ಕಂಡಿದ್ದಾಳೆ. ತಾಂಡೆಯ ಹುಡುಗಿಯರಿಗಂತೂ ಕನ್ನಡಿ ಕವಡೆಗಳ ಕಸೂತಿಯು ತಾಯಿಯ ಮಡಿಲಲ್ಲಿಯೇ ಬಂದ ವಿದ್ಯೆ. ಶಾಲೆಯ ಹೊಸ್ತಿಲು ದಾಟಿದ ಕೂಡಲೆ ಈ ವಿದ್ಯೆಯೆಲ್ಲ ಅವಿದ್ಯೆಯಾಗಿ, ಪೇಟೆಯ ಥರ್ಮೋಕೋಲು ಕಲೆಯಾಗುವದೆಂತು?

ನೋಡಿ ಬರೆಯುವದಕ್ಕೆ ಯೋಗ್ಯವಾದ ವಸ್ತುಗಳಿಗೂ ಈ ಸೀಮೆಯಲ್ಲಿ ಬರಗಾಲವಿಲ್ಲ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಅಷ್ಟಕೋನದ ಛತ್ತನ್ನು ತಲೆಯೆತ್ತಿ ನೋಡಿದವರಿಗೆ ಗೊತ್ತು: ಸುತ್ತುಸುತ್ತಾಗಿ ಒಳಸರಿಯುತ್ತ ಏರಿದ ಕಲ್ಲಿನ ಸಾಲುಗಳು, ನಡುವೆ ಕೆಳಗಿಳಿದ ಕಮಲ. ಕಾಗದವನ್ನು ಎಂಟು ಮಡಿಕೆ ಮಾಡಿ ಕತ್ತರಿಸಿ ಈ ಛತ್ತಿನ ಪ್ರತಿಕೃತಿಯನ್ನು ಮಾಡಹೊರಟ ಏಳನೆಯ ಇಯತ್ತೆಯ ಹುಡುಗನು ರೇಖಾಗಣಿತವನ್ನು ಕಲಿಸದೆ ಕಲಿತಾನು. ಹಿರೇಕೆರೂರ ತಾಲೂಕಿನ ಅಬಲೂರಿನ ಗುಡಿಯಲ್ಲಿ ಏಕಾಂತದ ರಾಮಯ್ಯನ ಕಥೆಯನ್ನು ಕಲ್ಲಿನಲ್ಲಿ ಬಿಡಿಸಿ, ಚಿತ್ರಗಳ ಅರ್ಥವನ್ನು ಕನ್ನಡ ಅಕ್ಷರಗಳಲ್ಲಿ ಕೆತ್ತಿದ್ದಾರೆ. ಚಿತ್ರಕಥೆಯೆಂಬದು ಪರದೇಶದಿಂದ ಬಂದ ಪದಾರ್ಥವೆಂದು ತಿಳಿದ ಮಕ್ಕಳಿಗೆ ಇದನ್ನು ಒಮ್ಮೆ ತೋರಿಸಬೇಕು.

ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದ ಮೂರು ಮರಗಳ ಮಾತು ಬೇರೆ. ಹೆಸರು ಹುಣಸೆಯಾದರೂ ಅವು ಆಫ್ರಿಕಾ ಖಂಡದ ಜಾತಿಯವು. ಹತ್ತು ಮಂದಿ ಮಕ್ಕಳು ಕೈ ಕೈ ಹಿಡಿದರೂ ಅಪ್ಪುವದು ಕಷ್ಟ. ಅವುಗಳಲ್ಲೊಂದು 2023ರ ಮಳೆಗಾಲದಲ್ಲಿ ಉರುಳಿತು. ಆ ಮರದ ಛಾಯಾಚಿತ್ರಗಳು ಸಾಕಷ್ಟಿವೆ. ಆದರೆ ಅದರ ತೊಗಟೆಯ ಗಂಟುಗಳನ್ನೂ ಎಲೆಯುದುರಿದ ಕೊಂಬೆಗಳನ್ನೂ ಎದುರಿಗೆ ಕುಳಿತು ಸೀಸದಕಡ್ಡಿಯಿಂದ ಬರೆದಿಟ್ಟ ಮಕ್ಕಳು ಎಷ್ಟು ಜನರಿದ್ದಾರು? ಶಿಗ್ಗಾವಿಯ ಹತ್ತಿರ ಗೊಟಗೋಡಿಯಲ್ಲಿ ದಿವಂಗತ ಟಿ. ಬಿ. ಸೊಲಬಕ್ಕನವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿಗೆ ಶಾಲೆಗಳು ಪ್ರವಾಸ ಬರುವದುಂಟು. ರೈತರು, ಕಸಬುದಾರರು, ಹಳ್ಳಿಯ ಹೆಂಗಸರು ಅಲ್ಲಿ ಆಳೆತ್ತರದ ಮೂರ್ತಿಗಳಾಗಿ ನಿಂತಿದ್ದಾರೆ. ಮಕ್ಕಳು ಅವುಗಳ ಮುಂದೆ ಫೋಟೋ ತೆಗೆಯಿಸಿಕೊಂಡು ಬಸ್ಸು ಹತ್ತುತ್ತಾರೆ. ಪಕ್ಕದಲ್ಲಿಯೇ 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯವಿದೆ. ಈ ಎರಡಕ್ಕೂ ಸುತ್ತಣ ಹಿರಿಯ ಪ್ರಾಥಮಿಕ ಶಾಲೆಗಳಿಗೂ ಒಂದು ದಿನದ ಪ್ರವಾಸಕ್ಕಿಂತ ಹೆಚ್ಚಿನ ಸಂಬಂಧವನ್ನು ಕಲ್ಪಿಸುವದು ಅಸಾಧ್ಯವೇನಲ್ಲ.

1938ರ ಹರಿಪುರಾ ಕಾಂಗ್ರೆಸ್ಸಿಗಾಗಿ ಮಹಾತ್ಮಾ ಗಾಂಧಿಯವರ ಅಪೇಕ್ಷೆಯಂತೆ ನಂದಲಾಲ ಬೋಸರು ಬರೆದ ಚಿತ್ರಫಲಕಗಳನ್ನು ಈ ಪ್ರಸಂಗದಲ್ಲಿ ನೆನೆಯದಿರಲಾಗದು. ಅವುಗಳಲ್ಲಿ ರಾಜಮಹಾರಾಜರಿಲ್ಲ, ಡೋಲು ಬಾರಿಸುವವನು, ಹೊಲಿಯುವವನು, ಅಡಿಗೆ ಮಾಡುವವಳು ಇದ್ದಾರೆ. ಕಾಗದವು ಕೈಯಿಂದ ಮಾಡಿದ್ದು, ಬಣ್ಣವು ನೆಲದ್ದು. ಕೆಮ್ಮಣ್ಣು, ಸುಣ್ಣ, ಅರಿಷಿಣ, ಇದ್ದಲಿ ನಮ್ಮ ಹಳ್ಳಿಗಳಲ್ಲಿಯೂ ಇವೆ. ಇವುಗಳಿಗಾಗಿ ಯಾವ ತಂದೆಯೂ ರಾತ್ರಿ ಪೇಟೆಗೆ ಓಡಬೇಕಾಗಿಲ್ಲ.

ಇನ್ನು ಕಲಿಸುವವರಾರೆಂಬ ಪ್ರಶ್ನೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಪರಿಶಿಷ್ಟದಲ್ಲಿ 6ರಿಂದ 8ನೆಯ ಇಯತ್ತೆಗಳಿಗೆ ಕಲಾಶಿಕ್ಷಣಕ್ಕೆಂದು ಅರೆಕಾಲಿಕ ಬೋಧಕರನ್ನು ವಿಧಿಸಿದೆ. ಆದರೆ ಷರತ್ತೊಂದಿದೆ: ಆ ತರಗತಿಗಳಲ್ಲಿ ಮಕ್ಕಳ ಸಂಖ್ಯೆಯು 100ನ್ನು ಮೀರಿರಬೇಕು. ಪಟ್ಟಣದ ಶಾಲೆಯು ಈ ಗೆರೆಯನ್ನು ದಾಟೀತು. ಸಣ್ಣ ಹಳ್ಳಿಯ ಶಾಲೆ ದಾಟುವದೆಂತು? ಎಲ್ಲಿ ಕೆರೆಯ ಮಣ್ಣು ಕೈಗೆಟಕುವಷ್ಟು ಹತ್ತಿರವಿದೆಯೋ ಅಲ್ಲಿಯೇ ಗುರುವಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಹತ್ತನೆಯ ಇಯತ್ತೆಯ ವರೆಗೆ ಕಲೆಯು ಕಡ್ಡಾಯವಾಗಬೇಕೆಂದು ಹೇಳಿತು; ವೇಳಾಪತ್ರಿಕೆಯಲ್ಲಿ ಆ ತಾಸನ್ನು ಗಣಿತಕ್ಕೆ ಕಡ ಕೊಡುವ ರೂಢಿಯು ಮಾತ್ರ ಅದರಿಂದ ತಪ್ಪಲಿಲ್ಲ. ಪ್ರತಿಭಾ ಕಾರಂಜಿಯಲ್ಲಿ ಮಣ್ಣಿನ ಮಾದರಿಗೂ ಚಿತ್ರಕಲೆಗೂ ಸ್ಪರ್ಧೆಗಳಿರುವದು ಸಂತೋಷ. ಆದರೆ ಸ್ಪರ್ಧೆಯು ಗೆದ್ದ ಒಬ್ಬನನ್ನು ಮುಂದಕ್ಕೆ ಕರೆದೊಯ್ಯುವದು. ಉಳಿದ ಮೂವತ್ತು ಮಕ್ಕಳ ಕೈಗೆ ವರ್ಷವಿಡೀ ಕೆಲಸ ಕೊಡಲಾರದು.

ಆದುದರಿಂದ ನಮ್ಮ ಸೂಚನೆಯು ಇಷ್ಟು. ನೂರು ಮಕ್ಕಳಿಲ್ಲದ ನಾಲ್ಕೈದು ಶಾಲೆಗಳನ್ನು ಕೂಡಿಸಿ ಒಬ್ಬ ಚಿತ್ರಕಲಾ ಶಿಕ್ಷಕನನ್ನು ನೇಮಿಸಿ, ವಾರಕ್ಕೊಂದು ದಿನ ಒಂದೊಂದು ಶಾಲೆಗೆ ಹೋಗಿಬರುವಂತೆ ಶಿಕ್ಷಣಖಾತೆಯು ಏರ್ಪಡಿಸಲಿ. ಕಲಾಶಾಲೆಗಳಲ್ಲಿ ಕಲಿತು ಕೆಲಸವಿಲ್ಲದೆ ಬೋರ್ಡು ಬರೆಯುತ್ತ ಕುಳಿತ ತರುಣರು ನಮ್ಮ ಪೇಟೆಗಳಲ್ಲಿ ಸಿಕ್ಕಾರು. ಕೊಂಡು ತಂದ ಸಾಮಾನಿನ ಪ್ರೊಜೆಕ್ಟಿಗೆ ಅಂಕ ಕೊಡಬಾರದೆಂದು ಮುಖ್ಯಾಧ್ಯಾಪಕರು ತಾವಾಗಿಯೇ ನಿಶ್ಚಯಿಸಬಹುದು. ಇದಕ್ಕೆ ಸರಕಾರದ ಹುಕುಮು ಬೇಕಿಲ್ಲ, ಒಂದು ಕಾಸಿನ ವೆಚ್ಚವೂ ಇಲ್ಲ. ಕುಂಬಾರನನ್ನೂ ಕೌದಿ ಹೊಲಿಯುವ ಮುದುಕಿಯನ್ನೂ ಶಾಲೆಗೆ ಕರೆದು ಕುಳ್ಳಿರಿಸುವ ಕಾರ್ಯವನ್ನು ಶಾಲಾಭಿವೃದ್ಧಿ ಸಮಿತಿಯವರು ವಹಿಸಿಕೊಳ್ಳಲಿ. ಬಂದವರಿಗೆ ಆ ದಿನದ ಕೂಲಿಯನ್ನು ಕೊಡುವದನ್ನು ಮರೆಯಬಾರದು. ಶಾಲೆ ತೆರೆದ ಕೆಲವೇ ವಾರಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯು ಬರುತ್ತದೆ. ಈ ವರ್ಷದ ಮೊದಲನೆಯ ಪ್ರೊಜೆಕ್ಟು ಅದೇ ಆಗಲಿ. ಆ ಹೊತ್ತಿಗೆ ಮಳೆಯಾಗಿ ಕೆರೆಯ ಮಣ್ಣೂ ಹದಕ್ಕೆ ಬಂದಿರುವದು.