ಪರಸಿ ಹಾಸಿದ ಊರುಗಳು

ಕಲಬುರಗಿ ಜಿಲ್ಲೆಯ ವಾಡಿಯಿಂದ ಸೇಡಂ ಕಡೆ ಹೊರಟ ರೈಲು ಚಿತ್ತಾಪುರ, ಮಳಖೇಡ ದಾಟುವವರೆಗೂ ಕಿಟಕಿಯಾಚೆ ಗುಡ್ಡ ಕಾಣುವುದು ಅಪರೂಪ. ತೊಗರಿ ಹೊಲ, ಹೊಲದ ನಡುವೆ ಬಾಯಿ ತೆರೆದ ಖಣಿ, ಖಣಿಯ ದಂಡೆಗೆ ಪೇರಿಸಿಟ್ಟ ಕಲ್ಲಿನ ಹಾಳೆಗಳು. ಬೇಲಿಯೂ ಕಲ್ಲೇ, ಚಪ್ಪಡಿಗಳನ್ನು ನೆಲಕ್ಕೆ ಊರಿ ಸಾಲಾಗಿ ನಿಲ್ಲಿಸಿರುತ್ತಾರೆ. ಊರೊಳಗೆ ಹೊಕ್ಕರೆ ಗೋಡೆ, ಕಟ್ಟೆ, ಬಚ್ಚಲು, ಕೊಟ್ಟಿಗೆ, ಕೊನೆಗೆ ತಲೆ ಮೇಲಿನ ಮಾಳಿಗೆಯೂ ಅದೇ ಬೂದು ಬಣ್ಣ. ನಾಡಿಗೆಲ್ಲ ಇದು ಶಹಾಬಾದ್ ಕಲ್ಲು, ಇಲ್ಲಿಯವರಿಗೆ ಬರೀ ಪರಸಿ.

ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ ಗುಡ್ಡಗಳ ಹಳ್ಳಿಗಳು ಕ್ಯಾಲೆಂಡರ್ ಚಿತ್ರಗಳಿಂದಾಗಿ ಜಗತ್ತಿಗೇ ಪರಿಚಿತ. ಅಲ್ಲಿಯ ಬೈಬರಿ ಎಂಬ ಊರಿನಲ್ಲಿ 14ನೇ ಶತಮಾನದಲ್ಲಿ ಉಣ್ಣೆ ದಾಸ್ತಾನಿಗೆಂದು ಕಟ್ಟಿದ ಕಟ್ಟಡ 17ನೇ ಶತಮಾನದಲ್ಲಿ ನೇಕಾರರ ಮನೆಸಾಲಾಯಿತು. ಗೋಡೆಗೂ ಮಾಡಿಗೂ ಅಲ್ಲಿಯದೇ ಸುಣ್ಣಕಲ್ಲು. ಶಹಾಬಾದಿನ ಸುತ್ತಲಿನ ಹಳ್ಳಿಗಳದ್ದೂ ಇದೇ ಕಥೆ. ಆದರೆ ಬೈಬರಿ ನೋಡಲು ವಿಮಾನ ಹತ್ತುವವರು ಇಲ್ಲಿಯ ಓಣಿಯಲ್ಲಿ ಕಾರು ನಿಲ್ಲಿಸುವುದಿಲ್ಲ!

ವಯಸ್ಸಿನಲ್ಲಿ ನಮ್ಮ ಕಲ್ಲೇ ಹಿರಿಯದು. ಕಾಟ್ಸ್‌ವೋಲ್ಡಿನದು ಡೈನೋಸಾರ್ ಕಾಲದ್ದು, ಭೀಮಾ ತೀರದ ಈ ಪರಸಿ 50 ಕೋಟಿಗೂ ಹೆಚ್ಚು ವರ್ಷಗಳ ಹಿಂದಿನದು. ಆಗ ಮೀನೂ ಹುಟ್ಟಿರಲಿಲ್ಲ. ಆಳವಿಲ್ಲದ, ಅಲೆಯ ಅಬ್ಬರವಿಲ್ಲದ ಕಡಲಿನ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಕಲ್ಲಾಯಿತು. ಮುಂದೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಉತ್ತರದ ಕಡೆಯೆಲ್ಲ ಲಾವಾ ಹರಡಿತು. ಆ ಕಪ್ಪುಕಲ್ಲು ಸವೆದು ಆದ ಎರೆಮಣ್ಣೇ ಇಂದು ತೊಗರಿ ಬೆಳೆಯುವ ಭೂಮಿ. ಮೇಲೆ ಎರೆ, ಕೆಳಗೆ ಪರಸಿ.

ಕೆಸರು ಸಪಾಟಾಗಿ ಕೂತದ್ದೇ ಈ ಸೀಮೆಯ ಭಾಗ್ಯ. ಖಣಿಯಲ್ಲಿ ಮೇಲಿನ ಮಣ್ಣು ತೆಗೆದರೆ ನೆಲವೇ ಹಾಸಿಟ್ಟಂತೆ ಕಾಣುತ್ತದೆ. ಪದರಗಳ ಸಂದಿಗೆ ಹಾರೆ ತೂರಿಸಿ ಮೀಟಿದರೆ ಅಗಲವಾದ ಹಾಸು ತಾನಾಗಿ ಬಿಟ್ಟುಕೊಂಡು ಮೇಲೇಳುತ್ತದೆ. ಮೇಲೂ ಕೆಳಗೂ ಮಟ್ಟಸವಾಗಿರುವುದರಿಂದ ಉಳಿಯ ಕೆಲಸವೆಲ್ಲ ಅಂಚಿಗೆ ಮಾತ್ರ. ಜಂತಿಯ ಮೇಲೆ ಅದನ್ನು ಹೊದಿಸಿ, ಸಂದಿಗೆ ಗಾರೆ ತುಂಬಿ, ಮೇಲೆ ಮಣ್ಣು ಹಾಕಿದರೆ ಮಾಳಿಗೆ ಸಿದ್ಧ. ಮರ ಕಡಿಮೆ ಇರುವ ಬಯಲು ಸೀಮೆಯಲ್ಲಿ ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಮೇ ತಿಂಗಳ ಬಿಸಿಲಿಗೆ ಕಾದ ಕಲ್ಲು ರಾತ್ರಿಯೂ ಕಾವು ಬಿಡುತ್ತದೆ ಎಂಬ ತಕರಾರು ಬೇರೆ.

ಈ ಕಲ್ಲನ್ನು ಹೀಗೆ ಬಳಸುವುದನ್ನು ಕಲಿತು ಎರಡು ಸಾವಿರ ವರ್ಷ ದಾಟಿದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದಾಗ ಮೂರ್ತಿಯ ಪೀಠದ ಚಪ್ಪಡಿಯ ಮೇಲೆ ಅಶೋಕನ ಶಾಸನ ಸಿಕ್ಕಿತು. ಮೂರ್ತಿ ಕೂರಿಸಲು ಯಾವನೋ ಕುಶಲಕರ್ಮಿ ಅಕ್ಷರಗಳ ನಡುವೆಯೇ ತೂತು ಕೊರೆದಿದ್ದ. ಒಳ್ಳೆಯ ಚಪ್ಪಡಿ ಸಿಕ್ಕರೆ ಬಿಡುವುದುಂಟೇ! ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಇಲಾಖೆ ಅಗೆದು ತೆಗೆದ ಮಹಾಸ್ತೂಪದ ಹಲಗೆಗಳೂ ಸುಣ್ಣಕಲ್ಲಿನವೇ. ಅವುಗಳಲ್ಲೊಂದರ ಮೇಲೆ ರಾಣಿ, ಪರಿಚಾರಿಕೆಯರೊಡನೆ ನಿಂತ ರಾಜನಿದ್ದಾನೆ, ಜೊತೆಗೆ ಬ್ರಾಹ್ಮಿಯಲ್ಲಿ ಅಶೋಕನ ಹೆಸರಿದೆ. ಕಾಗಿಣಾ ನದಿ ದಂಡೆಯ ಮಳಖೇಡ ಅಮೋಘವರ್ಷ ನೃಪತುಂಗ ಆಳಿದ ಮಾನ್ಯಖೇಟ. 972ರಲ್ಲಿ ಪರಮಾರ ಸೀಯಕ ಅದನ್ನು ಲೂಟಿ ಮಾಡಿದ. ಆಮೇಲಿನವರೂ ಕೈಯಾಡಿಸಿದ ಅಲ್ಲಿಯ ಕೋಟೆಗೋಡೆಯಲ್ಲಿ ಪದರುಗಲ್ಲನ್ನು ಒಂದರ ಮೇಲೊಂದು ಪೇರಿಸಿರುವ ಬಗೆಯನ್ನು ಇಂದಿಗೂ ನೋಡಬಹುದು.

ಎತ್ತಿನ ಗಾಡಿಯ ಕಾಲದಲ್ಲಿ ಇಷ್ಟು ಭಾರದ ಸರಕು ದೂರ ಹೋಗುವಂತಿರಲಿಲ್ಲ. 1871ರಲ್ಲಿ ಮುಂಬಯಿ–ರಾಯಚೂರು ಹಳಿ ಬಂತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡಿತು. ಎರಡು ದಾರಿ ಕೂಡಿದ ವಾಡಿ ಜಂಕ್ಷನ್ ಆಯಿತು, ಪರಸಿ ಮುಂಬಯಿ, ಪುಣೆಯ ಅಂಗಳಗಳಿಗೆ ಹೋಗಿ ‘ಶಹಾಬಾದಿ’ ಎನಿಸಿಕೊಂಡಿತು.

ರೈಲಿನ ಬೆನ್ನಿಗೆ ಬಂದದ್ದು ಸಿಮೆಂಟ್. ಶಹಾಬಾದಿನಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಕಾರ್ಖಾನೆ ಇತ್ತು. 1968ರಲ್ಲಿ ವಾಡಿಯಲ್ಲಿ ಎಸಿಸಿ ಕಂಪನಿಯ ಕಾರ್ಖಾನೆ ಬಂತು, ಆಮೇಲೆ ಸೇಡಂ, ಮಳಖೇಡದಲ್ಲೂ ಚಿಮಣಿಗಳು ಎದ್ದವು. ಹಾರೆಯಿಂದ ಮೀಟಿ ತೆಗೆಯುತ್ತಿದ್ದ ನೆಲವನ್ನು ಈಗ ಸಿಡಿಮದ್ದು ಒಡೆಯುತ್ತದೆ. ಹಾಸಾಗಿ ಎದ್ದರೆ ಮಾಳಿಗೆಯಾಗುತ್ತಿದ್ದ ಕಲ್ಲು ಗೂಡಿನಲ್ಲಿ ಬೆಂದು, ಪುಡಿಯಾಗಿ, ಚೀಲ ತುಂಬಿಕೊಂಡು ಅದೇ ಊರಿಗೆ ಮರಳಿ ಆರ್‌ಸಿಸಿ ಸ್ಲ್ಯಾಬ್ ಆಗುತ್ತದೆ. ಪರಸಿ ಮಾಳಿಗೆಯನ್ನು ಕೆಡವಿದ್ದು ಹೊರಗಿನ ಯಾವ ವಸ್ತುವೂ ಅಲ್ಲ, ಪರಸಿಯ ಬಳಗವೇ.

ಈಶಾನ್ಯಕ್ಕೆ ಚಿಂಚೋಳಿಯ ಕಡೆ ಸಾಗಿದರೆ ನೋಟವೇ ಬೇರೆ. ಪರಸಿಯ ಬದಲು ಕೆಂಪು ಜಂಬಿಟ್ಟಿಗೆಯ ಗುಡ್ಡಗಳು, ಕುಂಚಾವರಂ ಕಾಡು, ಚಂದ್ರಂಪಳ್ಳಿ ಜಲಾಶಯ, ಕಣಿವೆಯ ಗೊಟ್ಟಂಗೊಟ್ಟಿ, ತೆಲಂಗಾಣದ ಗಡಿ, ಲಂಬಾಣಿ ತಾಂಡಾಗಳು. 2011ರಲ್ಲಿ ಈ ಕಾಡು ವನ್ಯಜೀವಿ ಧಾಮವಾಯಿತು. ಕಲಬುರಗಿ ಎಂದರೆ ಬಿಸಿಲು, ಬಯಲು ಎನ್ನುವವರು ಮಳೆಗಾಲದಲ್ಲಿ ಇಲ್ಲಿಗೊಮ್ಮೆ ಬರಬೇಕು.

ಬಯಲಿನಲ್ಲಿ ಮಾತ್ರ ಪರಸಿಯ ಜಾಗ ಕಿರಿದಾಗುತ್ತಲೇ ಇದೆ. ಮಾಳಿಗೆ ಸಿಮೆಂಟಿಗೆ ಹೋಯಿತು, ಪಡಸಾಲೆಯ ನೆಲವನ್ನು ಗುಜರಾತಿನ ಮೊರ್ಬಿಯಿಂದ ಬರುವ ಟೈಲ್ಸ್ ಹಿಡಿಯುತ್ತಿವೆ. ಅಡುಗೆ ಕಟ್ಟೆಗೆ ಗ್ರಾನೈಟ್ ಬೇಕೆನ್ನುತ್ತಾರೆ. ಆದರೆ ಸಗಣಿ, ಗಂಜಳ, ಗೊರಸಿನ ಏಟು ತಡೆಯಬೇಕಾದ ಕೊಟ್ಟಿಗೆಗೆ, ಗಟಾರದ ಮೇಲಿನ ಮುಚ್ಚಳಕ್ಕೆ ಇವತ್ತಿಗೂ ಜನ ಕೇಳುವುದು ಪರಸಿಯನ್ನೇ.