ಸೊಂಡಿಲಹುಳುಗಳ ವರ್ಣತಂತುಗಳೂ ವಂಶದ್ರವ್ಯದ ಪರಿಮಾಣವೂ

ವಿಜಯಪುರ ನಗರದಿಂದ ತಿಕೋಟಾ, ಬಬಲೇಶ್ವರಗಳ ಕಡೆಗೆ ಹಬ್ಬಿರುವ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳವು ಪರಂಪರೆಯಿಂದ ಬಂದ ಧಾನ್ಯ. ಅದನ್ನು ಹಗೇವಿನಲ್ಲಿ ಹೂಳಿಟ್ಟರೂ ಚೀಲದಲ್ಲಿ ಕಟ್ಟಿಟ್ಟರೂ ರೈತನನ್ನು ಕಾಡುವ ಭಯವೊಂದೇ: ನುಸಿ. ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಡುವ ಸೊಂಡಿಲಹುಳು ಈ ನುಸಿಗಳಲ್ಲಿ ಮುಖ್ಯವಾದುದು.

ಇತಿಹಾಸದ ಅಧ್ಯಾಪಕರಾದ ನಾವು ಕೀಟದ ಮಾತೆತ್ತುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಧಾನ್ಯದೊಡನೆ ಸಂಚರಿಸಿದ ಹುಳುವೂ ಇತಿಹಾಸಕ್ಕೊಂದು ಸಾಕ್ಷಿಯೇ. ರೋಮನ್ನರ ಕಾಲದ ಬ್ರಿಟನ್ನಿನ ಉಗ್ರಾಣಗಳ ಅವಶೇಷಗಳಲ್ಲಿ ಕಣಜದ ಹುಳು ದೊರೆತಿದೆ. ಹಾರಲಾರದ ಈ ಜೀವಿಯನ್ನು ಕಡಲಾಚೆಗೆ ಒಯ್ದವನು ಮನುಷ್ಯನೇ ಸರಿ. ಆದರೆ ಸಾಕ್ಷ್ಯವನ್ನು ಒಪ್ಪುವ ಮೊದಲು ಸಾಕ್ಷಿಯನ್ನು ಗುರುತಿಸಬೇಕಷ್ಟೆ.

ಇಲ್ಲಿಯೇ ತೊಡಕು. ಸಿಟೋಫಿಲಸ್ ಕುಲದ ಅಕ್ಕಿಯ ಹುಳುವೂ ಮೆಕ್ಕೆಜೋಳದ ಹುಳುವೂ ಹೊರನೋಟಕ್ಕೆ ಒಂದೇ ಬಗೆಯವು. ಹೆಸರು ಏನೇ ಇದ್ದರೂ ಎರಡೂ ಜೋಳವನ್ನು ತಿನ್ನಬಲ್ಲವು. ಅವುಗಳನ್ನು ಬೇರ್ಪಡಿಸಲು ಜನನಾಂಗಗಳ ಸೂಕ್ಷ್ಮ ಪರೀಕ್ಷೆ ಬೇಕಾಗುತ್ತದೆ.

ಜೀವಕೋಶದೊಳಗಣ ಕ್ರೋಮೋಸೋಮುಗಳು, ಎಂದರೆ ವರ್ಣತಂತುಗಳು, ಈ ಸಂದೇಹವನ್ನು ಪರಿಹರಿಸಬಲ್ಲವೇ? 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಾಲ್ಕು ಪ್ರಭೇದಗಳನ್ನು ಹೋಲಿಸಲಾಯಿತು. ಅಕ್ಕಿ ಮತ್ತು ಮೆಕ್ಕೆಜೋಳದ ಹುಳುಗಳಲ್ಲಿ ತಲಾ 22 ವರ್ಣತಂತುಗಳು. ಕಣಜದ ಹುಳುವಿನಲ್ಲಿಯೂ ಹುಣಿಸೆಬೀಜವನ್ನು ತಿನ್ನುವ ಹುಳುವಿನಲ್ಲಿಯೂ ತಲಾ 24. ಹೆಚ್ಚು ವರ್ಣತಂತುಗಳಿದ್ದಲ್ಲಿ ವಂಶದ್ರವ್ಯವೂ ಹೆಚ್ಚಿರಬೇಕೆಂದು ಯಾರಾದರೂ ಊಹಿಸುವರು. ಕಂಡುಬಂದುದು ಅದಕ್ಕೆ ವಿರುದ್ಧ. ಜೀನೋಮಿನ, ಎಂದರೆ ಒಂದು ಪೂರ್ಣ ವಂಶಲಿಪಿಯ, ತೂಕವು ಅಕ್ಕಿಯ ಹುಳುವಿನಲ್ಲಿ 0.786 ಪಿಕೋಗ್ರಾಂ, ಮೆಕ್ಕೆಜೋಳದ ಹುಳುವಿನಲ್ಲಿ 0.730, ಕಣಜದ ಹುಳುವಿನಲ್ಲಿ 0.553, ಹುಣಿಸೆಯ ಹುಳುವಿನಲ್ಲಿ 0.440 ಮಾತ್ರ. ಪಿಕೋಗ್ರಾಂ ಎಂದರೆ ಗ್ರಾಮಿನ ಲಕ್ಷಕೋಟಿಯಲ್ಲೊಂದು ಪಾಲು.

ದಫ್ತರದಲ್ಲಿ ಕೆಲಸಮಾಡಿದವರಿಗೆ ಇದು ಅಚ್ಚರಿಯಲ್ಲ. ಕಡತಗಳ ಕಟ್ಟುಗಳನ್ನೆಣಿಸಿದ ಮಾತ್ರಕ್ಕೆ ಒಳಗಿನ ಬರಹದ ಮೊತ್ತ ತಿಳಿಯದು. ಒಂದೇ ಕಾಗದದ ನಕಲುಗಳು ಹೆಚ್ಚಿದರೆ ಕಟ್ಟು ದಪ್ಪವಾಗುತ್ತದೆ, ವಿಷಯ ಹೆಚ್ಚುವುದಿಲ್ಲ. ಅಕ್ಕಿಯ ಹುಳುವಿನ ಜೀನೋಮಿನಲ್ಲಿ ನೂರಕ್ಕೆ 70ಕ್ಕೂ ಮಿಕ್ಕಿದ ಪಾಲು ಇಂತಹ ಪುನರಾವರ್ತನೆಯೇ. ಅದರಲ್ಲಿ ಬಹುಭಾಗ ತನ್ನ ನಕಲನ್ನು ತಾನೇ ಬೇರೆಡೆ ಸೇರಿಸಬಲ್ಲ ಅಲೆಮಾರಿ ಅಂಶಗಳಿಂದ ಉಂಟಾದುದು.

ಆದುದರಿಂದ ಎಣಿಕೆ ಒಂದರಿಂದಲೇ ಬಾಂಧವ್ಯವನ್ನು ನಿರ್ಣಯಿಸಲಾಗದು. 24 ಇರುವ ಎರಡು ಹುಳುಗಳಲ್ಲಿಯೂ ಲಿಂಗನಿರ್ಣಾಯಕ ಜೋಡಿಯ ರೂಪ ಬೇರೆಬೇರೆ. ಸಂಖ್ಯೆ, ರೂಪ, ಪರಿಮಾಣ ಈ ಮೂರನ್ನೂ ಒಟ್ಟಿಗೆ ತೂಗಿದಾಗಲೇ ವಂಶಾವಳಿ ತಿಳಿಯಾಗುತ್ತದೆ.

ಇದರಿಂದ ರೈತನಿಗೇನು? ಮೆಕ್ಕೆಜೋಳದ ಹುಳು ಹಾರಾಟದಲ್ಲಿ ಚುರುಕು. ಹೊಲದಲ್ಲಿರುವ ತೆನೆಗೇ ತಗಲುವ ಸಂಭವ ಅದರಿಂದ ಹೆಚ್ಚು. ಅಂತಹ ಕಡೆ ಉಗ್ರಾಣದ ಬಾಗಿಲನ್ನು ಎಷ್ಟು ಭದ್ರಪಡಿಸಿದರೂ ಶತ್ರು ಕಾಳಿನೊಳಗೇ ಬಂದಿರುತ್ತಾನೆ. ಹೆಸರನ್ನು ಸರಿಯಾಗಿ ತಿಳಿಯುವುದು ಪಂಡಿತರ ಚಪಲವಲ್ಲ, ವರ್ಷದ ಅನ್ನವನ್ನು ಕಾಯುವ ಕಾರ್ಯದ ಮೊದಲ ಹೆಜ್ಜೆಯೆಂದು ನಾವು ಭಾವಿಸುತ್ತೇವೆ.