ಹಳೆಯ ಗಣಕದಲ್ಲಿ ಹೊಸ ಉಪಕರಣದ ಪರೀಕ್ಷೆ

ಹಿಂದೆ ಒಂದೂರಿನ ಸೇರಿನಿಂದ ಅಳೆದ ಅಕ್ಕಿಯು ಮತ್ತೊಂದೂರಿನ ಸೇರಿನಲ್ಲಿ ಹೆಚ್ಚು ಕಡಮೆಯಾಗುತ್ತಿದ್ದುದನ್ನು ಮನೆಯ ಹಿರಿಯರು ಬಲ್ಲರು. ಅಕ್ಕಿಯಲ್ಲಿ ದೋಷವಿಲ್ಲ, ಅಳತೆಯಲ್ಲಿ ಭೇದವುಂಟು. ಗಣಕಯಂತ್ರಗಳ ವಿಷಯವೂ ಹೀಗೆಯೇ. ಒಂದು ಜಾತಿಯ ಯಂತ್ರಕ್ಕಾಗಿ ರಚಿಸಿದ ಪ್ರೋಗ್ರಾಮನ್ನು ಮತ್ತೊಂದು ಜಾತಿಯ ಯಂತ್ರಕ್ಕೆ ಹೊಂದಿಸಿ ತಂದಾಗ, ಅದು ನಡೆಯಿತೆಂಬ ಮಾತ್ರಕ್ಕೆ ಸರಿಯಾಗಿ ನಡೆಯಿತೆಂದು ನಂಬತಕ್ಕುದಲ್ಲ. ಇದನ್ನು ಒಂದು ದೃಷ್ಟಾಂತದಿಂದ ವಿಶದಪಡಿಸುವೆವು.

1987ರಲ್ಲಿ ಕಮಡೋರ್ ಕಂಪೆನಿಯು ‘ಅಮಿಗ 500’ ಎಂಬ ಗೃಹಗಣಕವನ್ನು ಹೊರಡಿಸಿತು. ಅದರ ನೆನಪಿನ ಶಕ್ತಿಯು 512 ಕಿಲೊಬೈಟು; ಒಂದು ಫ್ಲಾಪಿಯಲ್ಲಿ ಹಿಡಿಯುವುದು 880 ಕಿಲೊಬೈಟು. ಕಂಪೆನಿಯು 1994ರಲ್ಲಿ ದಿವಾಳಿಯಾಯಿತು; ಆದರೂ ಯೂರೋಪಿನಲ್ಲಿ ಈ ಯಂತ್ರವನ್ನು ಅಭಿಮಾನದಿಂದ ಕಾಪಾಡಿಕೊಂಡಿರುವವರು ಇಂದಿಗೂ ಇರುವರು. ಮನೆಯ ಜಮಾಖರ್ಚು, ಗತಿಸಿದವರ ಪತ್ರಗಳು ಅವರ ಫ್ಲಾಪಿಗಳಲ್ಲಿ ಉಳಿದಿರುವುದುಂಟು.

ಇಂಥ ಕಡತಗಳನ್ನು ಕುಗ್ಗಿಸಿ ಹೊಸ ಗಣಕಕ್ಕೆ ಸಾಗಿಸಲು ‘ಜಿ-ಜಿಪ್’ ಎಂಬ ಉಪಕರಣವು ಅನುಕೂಲವಾದುದು. 1992ರಲ್ಲಿ ಜಾನ್-ಲೂ ಗಯಿ ಮತ್ತು ಮಾರ್ಕ್ ಆಡ್ಲರ್ ಎಂಬವರು ಇದನ್ನು ಪ್ರಕಟಿಸಿದರು. ಇದಕ್ಕೆ ಚಿತ್ರಗಳಿಲ್ಲ, ಗುಂಡಿಗಳಿಲ್ಲ. ಕೀಲಿಮಣೆಯಿಂದ ಒಂದು ಸಾಲಿನ ಆಜ್ಞೆಯನ್ನು ಬರೆದರೆ ಕೆಲಸವಾಗುವುದು. ಯುನಿಕ್ಸ್ ಯಂತ್ರಗಳಲ್ಲಿ ಪ್ರಸಿದ್ಧವಾದ ಇದನ್ನು ಅಮಿಗಕ್ಕೂ ಹೊಂದಿಸಿರುವರು. ಇಲ್ಲಿ ವಾಚಕರು ಒಂದಂಶವನ್ನು ಗಮನಿಸಬೇಕು: ಈ ಉಪಕರಣವು ಕಡತವನ್ನು ಕುಗ್ಗಿಸಿದೊಡನೆ ಮೂಲ ಕಡತವನ್ನು ಅಳಿಸಿಬಿಡುವುದು. ಕುಗ್ಗಿದ ಪ್ರತಿಯಲ್ಲಿ ದೋಷವಿದ್ದರೆ ಮೂಲವೂ ಇಲ್ಲ, ಪ್ರತಿಯೂ ಇಲ್ಲ!

ದೋಷವು ಹೇಗೆ ಬಂದೀತು? ದೊಡ್ಡ ಸಂಖ್ಯೆಯೊಂದನ್ನು ಬರೆದಿಡುವಾಗ ಅಮಿಗವು ಹಿರಿಯ ಭಾಗವನ್ನು ಮೊದಲಿಡುವುದು. ಇಂಟೆಲ್ ಗಣಕಗಳು ಕಿರಿಯ ಭಾಗವನ್ನು ಮೊದಲಿಡುವುವು. ಜಿ-ಜಿಪ್ ಕಡತದ ಕೊನೆಯ 8 ಬೈಟುಗಳಲ್ಲಿ ತಾಳೆಯ ಸಂಖ್ಯೆಯೂ ಮೂಲದ ಉದ್ದವೂ ಇರುವುವು. ಅವನ್ನು ಕಿರಿಯ ಭಾಗ ಮೊದಲಾಗಿ ಬರೆಯಬೇಕೆಂಬುದು ನಿಯಮ. ಹೊಂದಿಸಿದವರು ಇದನ್ನು ಮರೆತರೆ, ಅಮಿಗವು ತಾನು ತಪ್ಪಾಗಿ ಬರೆದುದನ್ನು ತಾನೇ ಅದೇ ಕ್ರಮದಲ್ಲಿ ಓದಿ ‘ಸರಿ’ ಎನ್ನುವುದು. ಹೊರಗಿನ ಗಣಕವು ತಿರಸ್ಕರಿಸುವುದು. ತನಗೆ ತಾನೇ ಸಾಕ್ಷಿಯಾದರೆ ನ್ಯಾಯವು ನಿಂತೀತೆ? ದಿನಗಣನೆಯಲ್ಲಿಯೂ ಭೇದವುಂಟು. ಯುನಿಕ್ಸ್ ತನ್ನ ಕಾಲವನ್ನು 1970ನೆಯ ಜನವರಿ 1ರಿಂದ ಎಣಿಸಿದರೆ, ಅಮಿಗವು 1978ನೆಯ ಜನವರಿ 1ರಿಂದ ಎಣಿಸುವುದು. ನಡುವಣ 2,922 ದಿನಗಳನ್ನು ಕೂಡಿಸದಿದ್ದರೆ ಪತ್ರದ ತಾರೀಖು ಎಂಟು ವರ್ಷ ಹಿಂದೆ ಸರಿಯುವುದು.

ಆದುದರಿಂದ ಪರೀಕ್ಷೆಯನ್ನು ಹೀಗೆ ನಡೆಸತಕ್ಕುದೆಂದು ನಾವು ಸೂಚಿಸುವೆವು. ಮೊದಲು ಮೂಲ ಫ್ಲಾಪಿಯನ್ನು ಬದಿಗಿಟ್ಟು, ಅದರ ನಕಲಿನ ಮೇಲೆಯೇ ಪ್ರಯೋಗ ಮಾಡಬೇಕು. ಏನೂ ಇಲ್ಲದ ಕಡತ, ಒಂದೇ ಬೈಟಿನ ಕಡತ, 32,768 ಬೈಟುಗಳನ್ನು ಮೀರಿದ ಕಡತ—ಈ ಮೂರನ್ನೂ ಕುಗ್ಗಿಸಬೇಕು. ಉಪಕರಣವು ಒಮ್ಮೆಗೆ ಹಿಂದಿರುಗಿ ನೋಡುವ ಮೇರೆಯು ಅಷ್ಟೇ ಆದುದರಿಂದ, ಅದನ್ನು ದಾಟಿದಾಗಲೇ ಕೆಲವು ದೋಷಗಳು ಹೊರಬೀಳುವುವು. ಕುಗ್ಗಿಸಿದವನ್ನು ಹೊಸ ಗಣಕದಲ್ಲಿ ಬಿಚ್ಚಿ, ಮೂಲದೊಡನೆ ಬೈಟು ಬೈಟಾಗಿ ಹೋಲಿಸಬೇಕು. ಬಳಿಕ ಹೊಸದರಲ್ಲಿ ಕುಗ್ಗಿಸಿ ಹಳೆಯದರಲ್ಲಿ ಬಿಚ್ಚಬೇಕು. ಕಡೆಯದಾಗಿ, ಕುಗ್ಗಿದ ಕಡತದ ನಡುವಿನ ಒಂದು ಬೈಟನ್ನು ಬೇಕೆಂದೇ ಕೆಡಿಸಿ ಕೊಡಬೇಕು. ಆಗ ಉಪಕರಣವು ದೂರು ಹೇಳಿದರೆ ಮಾತ್ರ ಅದು ನಂಬಿಕೆಗೆ ಅರ್ಹವು.

ಇಷ್ಟೂ ತೇರ್ಗಡೆಯಾದ ಮೇಲೆಯೂ ‘-ಸಿ’ ಎಂಬ ಸೂಚನೆಯನ್ನು ಕೊಟ್ಟು, ಮೂಲವನ್ನು ಅಳಿಸದೆ ಪ್ರತಿಯನ್ನು ಬೇರೆ ಹೆಸರಿನಲ್ಲಿ ಪಡೆಯುವುದು ಕ್ಷೇಮ. ಈ ಜಾತಿಯ ಉಪಕರಣಗಳು ಕೆಲಸ ಮುಗಿದಾಗ ಏನನ್ನೂ ಹೇಳದೆ ಸುಮ್ಮನಿರುವುವು. ಆ ಮೌನವನ್ನು ಸಮ್ಮತಿಯೆಂದು ತಿಳಿಯದೆ, ಎರಡನೆಯ ಯಂತ್ರದ ಸಾಕ್ಷ್ಯವನ್ನು ಪಡೆದ ಬಳಿಕವೇ ಮೂಲವನ್ನು ಕೈಬಿಡುವುದು ಗೃಹಸ್ಥರ ಧರ್ಮವಾಗಿದೆ.